ಸೂಜಿ-ದಾರದ ಮಾತು: ಹಿಂದೆ ಮುಂದೆ ಒಂದೇ ಇರುವ ಲೆಫ್ಕಾರಾ ಕಸೂತಿ



ಹಬ್ಬಗಳ ಗದ್ದಲ ಮುಗಿದು ಮನೆ ಸ್ವಲ್ಪ ಶಾಂತವಾಗಿದೆ. ಹಪ್ಪಳ-ಸಂಡಿಗೆಯ ಕಾಲ ಇನ್ನೂ ಬಂದಿಲ್ಲ. ಮಧ್ಯಾಹ್ನದ ಊಟ ಮುಗಿಸಿ, ತೊಳೆದ ಪಾತ್ರೆ ಬೋರಲು ಹಾಕಿ, ಒಂದೆರಡು ತಾಸು ಸೂಜಿ-ದಾರ ಹಿಡಿದು ಕೂಡಲು ಇದಕ್ಕಿಂತ ಒಳ್ಳೆಯ ಸಮಯ ಸಿಗಲಾರದು. ಈ ಸಲ ನಿಮ್ಮನ್ನು ಬಹಳ ದೂರದ ಒಂದು ಊರಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಹೆದರಬೇಡಿ, ಟಿಕೀಟಿನ ಖರ್ಚಿಲ್ಲ. ಹಡಗಿನಲ್ಲಿ ಕೂತರೆ ತಲೆ ತಿರುಗುತ್ತದೆ ಎನ್ನುವವರೂ ಬರಬಹುದು!

ನನ್ನ ನಾದಿನಿಯ ಮಗ ಹಡಗಿನ ಮೇಲೆ ಇಂಜಿನಿಯರ್. ವರ್ಷಕ್ಕೆ ಆರೇಳು ತಿಂಗಳು ನೀರಿನ ಮೇಲೆ, ಉಳಿದದ್ದು ಮನೆಯಲ್ಲಿ. ಈ ಸಲ ಊರಿಗೆ ಬಂದಾಗ ನನ್ನ ಕೈಯಲ್ಲಿ ಒಂದು ಸಣ್ಣ ಪೊಟ್ಟಣ ಇಟ್ಟ. "ಮಾಮಿ, ಎಲ್ಲಾರಿಗೂ ಚಾಕಲೇಟ್ ತಂದೀನಿ, ನಿಮಗ ಮಾತ್ರ ಬಟ್ಟಿ ತಂದೀನಿ" ಅಂದ. ಬಿಚ್ಚಿ ನೋಡಿದರೆ ಟ್ರೇ ಮೇಲೆ ಹಾಸುವಷ್ಟು ಅಗಲದ ಲಿನನ್ ಬಟ್ಟೆ. ತಿಳಿ ಕಂದು ಬಣ್ಣ. ಅದರ ಮೇಲೆ ಬಿಳಿ ಮತ್ತು ಕಂದು ದಾರದ ಕೆಲಸ. ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲು. ನಡುವೆ ಜೇನುಗೂಡಿನ ಹಾಗೆ ತೂತು ತೂತಾದ ಚೌಕಗಳು. ನಾನು ಮೊದಲು ಮಾಡಿದ ಕೆಲಸವೇನು ಗೊತ್ತೇ? ಹೊಲಿಗೆ ಬಲ್ಲ ಯಾವ ಹೆಂಗಸೂ ಮಾಡುವ ಕೆಲಸವೇ. ಬಟ್ಟೆ ತಿರುವಿ ಹಾಕಿ ಹಿಂಭಾಗ ನೋಡಿದೆ. ಒಂದು ಗಂಟಿಲ್ಲ, ಒಂದು ದಾರದ ತುದಿ ಹೊರಗಿಲ್ಲ. ಯಾವುದು ಮುಂದು, ಯಾವುದು ಹಿಂದು ಎಂದು ಹೇಳಲಿಕ್ಕೇ ಆಗಲಿಲ್ಲ.

ಅವನ ಕಂಪನಿಯ ಕಚೇರಿ ಇರುವುದು ಸೈಪ್ರಸ್ ದ್ವೀಪದ ಲಿಮಸೋಲ್ ಎಂಬ ಬಂದರು ಊರಿನಲ್ಲಿ. ರಜೆಯ ದಿನ ಗೆಳೆಯರ ಜೊತೆ ಗುಡ್ಡದ ಮೇಲಿನ ಒಂದು ಹಳ್ಳಿಗೆ ಹೋಗಿದ್ದನಂತೆ. ಕಲ್ಲಿನ ಮನೆ, ಕೆಂಪು ಹೆಂಚು, ಎರಡು ಆಕಳು ಎದುರುಬದುರು ಬಂದರೆ ದಾಟಲಾಗದಷ್ಟು ಸಣ್ಣ ಓಣಿ. ಒಂದು ಬಾಗಿಲ ಮುಂದೆ ಕಪ್ಪು ಬಟ್ಟೆ ತೊಟ್ಟ ಒಬ್ಬ ಮುದುಕಿ ಕುರ್ಚಿ ಹಾಕಿಕೊಂಡು ಹೊಲಿಯುತ್ತಿದ್ದಳಂತೆ. ಇವನು ಬೆಲೆ ಕೇಳಿದ. ನಮ್ಮ ದುಡ್ಡಿನಲ್ಲಿ ಸುಮಾರು ಮೂರು ಸಾವಿರ ರೂಪಾಯಿ! "ಸ್ವಲ್ಪ ಕಡಿಮಿ ಮಾಡ್ರಿ" ಎಂದು ಕೈಸನ್ನೆ ಮಾಡಿದನಂತೆ. ಆಕೆ ಸಿಟ್ಟಾಗಲೂ ಇಲ್ಲ, ಮಾತಾಡಲೂ ಇಲ್ಲ. ಬಟ್ಟೆಯನ್ನು ತಿರುವಿ ಹಿಂಭಾಗ ತೋರಿಸಿ ಸುಮ್ಮನೆ ಕೂತಳಂತೆ. "ಮುಂದ ನನಗ ಮಾತಾಡೋ ಧೈರ್ಯ ಬರಲಿಲ್ಲ ಮಾಮಿ, ಕೊಟ್ಟು ತಗೊಂಡು ಬಂದೆ" ಅಂದ.

ಆ ಮುದುಕಿ ನನ್ನ ತಲೆಯಿಂದ ಹೋಗಲೇ ಇಲ್ಲ. ಯಾಕೆಂದು ಆಮೇಲೆ ಹೇಳುತ್ತೇನೆ. ಮೊದಲು ಅವಳ ಊರಿನ ಕತೆ ಕೇಳಿ.

ದ್ವೀಪ ಎಲ್ಲಿದೆ?

ಭೂಪಟದಲ್ಲಿ ಮೆಡಿಟರೇನಿಯನ್ ಸಮುದ್ರದ ಪೂರ್ವದ ತುದಿ ನೋಡಿ. ಮೇಲೆ ಟರ್ಕಿ, ಬಲಕ್ಕೆ ಸಿರಿಯಾ, ಲೆಬನಾನ್. ನಡುವೆ ಬಾಲ ಇರುವ ಮೀನಿನ ಹಾಗೆ ಕಾಣುವುದೇ ಸೈಪ್ರಸ್. ಆ ಸಮುದ್ರದಲ್ಲಿ ಸಿಸಿಲಿ, ಸಾರ್ಡೀನಿಯಾ ಬಿಟ್ಟರೆ ಇದೇ ದೊಡ್ಡ ದ್ವೀಪ. ಆಲಿವ್, ದ್ರಾಕ್ಷಿ, ಕಿತ್ತಳೆ ಬೆಳೆಯುವ ನಾಡು. ಬಂದವರೆಲ್ಲ ಆಳಿದ್ದಾರೆ. 1489ರಲ್ಲಿ ಇಟಲಿಯ ವೆನಿಸ್ ನಗರದವರು, 1571ರಲ್ಲಿ ತುರ್ಕರು, 1878ರಲ್ಲಿ ಇಂಗ್ಲಿಷರು. ಸ್ವಾತಂತ್ರ್ಯ ಬಂದದ್ದು 1960ರಲ್ಲಿ.

ದ್ವೀಪದ ನಡುವೆ ಟ್ರೂಡೋಸ್ ಎಂಬ ಬೆಟ್ಟಸಾಲು. ಅದರ ದಕ್ಷಿಣದ ಇಳಿಜಾರಿನಲ್ಲಿದೆ ಲೆಫ್ಕಾರಾ. ಮೇಲಿನ ಲೆಫ್ಕಾರಾ, ಕೆಳಗಿನ ಲೆಫ್ಕಾರಾ ಎಂದು ಎರಡು ಊರು. ನಮ್ಮಲ್ಲಿ ಹಿರೇ-ಚಿಕ್ಕ ಎಂದು ಒಂದೇ ಹೆಸರಿನ ಎರಡು ಊರು ಇರುತ್ತವಲ್ಲ, ಹಾಗೆ. ಈ ಊರಿನ ಹೆಸರಿನಿಂದಲೇ ಕಸೂತಿಗೆ 'ಲೆಫ್ಕಾರಿಟಿಕಾ' ಎಂದು ಹೆಸರು. ಈ ಕೆಲಸ 14ನೇ ಶತಮಾನದಿಂದಾದರೂ ನಡೆದು ಬಂದಿದೆ ಎಂದು ಯುನೆಸ್ಕೋದವರು ದಾಖಲಿಸಿದ್ದಾರೆ. 2009ರಲ್ಲಿ ಅವರು ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದರು. ಹೆಂಗಸರು ಓಣಿಯಲ್ಲಿ ಕುರ್ಚಿ ಹಾಕಿಕೊಂಡು, ಮಾತಾಡುತ್ತ ಮಾಡುವ ಕೆಲಸಕ್ಕೆ ಜಗತ್ತಿನ ಮನ್ನಣೆ! ನಾವು ಕಟ್ಟೆಯ ಮೇಲೆ ಕೂತು ಹೊಲಿದರೆ "ಹರಟೆ ಹೊಡೀತಾರೆ" ಅನ್ನುವವರಿಗೆ ಇದನ್ನು ಓದಿ ಹೇಳಿ.

ನಾಲ್ಕು ಬಗೆಯ ಕೆಲಸ

ಮೊದಮೊದಲು ಅಲ್ಲಿಯ ಹೆಂಗಸರು ತಮ್ಮ ಮನೆಯ ಹತ್ತಿ ಬಟ್ಟೆಯ ಮೇಲೆ ಬಿಳಿ ದಾರದ ಕಸೂತಿ ಹಾಕುತ್ತಿದ್ದರು. ವೆನಿಸ್‌ನವರ ಆಳ್ವಿಕೆಯಲ್ಲಿ ಅವರ ಹೆಂಗಸರ ಉಡುಪಿನ ಲೇಸು ಕಣ್ಣಿಗೆ ಬಿತ್ತು. ಜಾಣೆಯರು, ತಮ್ಮದನ್ನು ಬಿಡಲಿಲ್ಲ, ಅವರದನ್ನು ದೂಡಲಿಲ್ಲ. ಎರಡನ್ನೂ ಕೂಡಿಸಿ ಮೂರನೆಯದೊಂದನ್ನು ಮಾಡಿದರು. ಮುಂದೆ ಹತ್ತಿಯ ಬದಲು ಐರ್ಲೆಂಡಿನ ಲಿನನ್ ಬಂತು. ಬಣ್ಣ ಮಾತ್ರ ಹೆಚ್ಚು ಬದಲಾಗಲಿಲ್ಲ. ಬಿಳಿ, ಕೆನೆಬಣ್ಣ, ಕಂದು, ಅಷ್ಟೇ.

ನಾನು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮಗಳ ಭೂತಗನ್ನಡಿಯಲ್ಲಿ ನೋಡಿದೆ. ಇದರಲ್ಲಿ ನಾಲ್ಕು ಬಗೆಯ ಕೆಲಸವಿದೆ.

ಒಂದು, ಹೆಮ್ ಸ್ಟಿಚ್. ಬಟ್ಟೆಯಿಂದ ಕೆಲವು ಎಳೆ ತೆಗೆದು, ಉಳಿದ ಎಳೆಗಳನ್ನು ಕಟ್ಟುಕಟ್ಟಾಗಿ ಬಿಗಿಯುವುದು. ಎರಡು, ಕಟ್ ವರ್ಕ್. ಹಾಸು-ಹೊಕ್ಕು ಎರಡೂ ಎಳೆಗಳನ್ನು ಲೆಕ್ಕ ಹಾಕಿ ಕತ್ತರಿಸಿ ಚೌಕವಾಗಿ ತೂತು ಮಾಡಿ, ಆ ತೂತಿನೊಳಗೆ ಸೂಜಿಯಿಂದ ಜಾಲ ನೇಯುವುದು. ಮೂರು, ತುಂಬು ಹೊಲಿಗೆ, ಅಂದರೆ ನಮ್ಮ ಸ್ಯಾಟಿನ್ ಸ್ಟಿಚ್. ನಾಲ್ಕು, ಅಂಚಿಗೆ ಬರೀ ಸೂಜಿಯಿಂದಲೇ ಕಟ್ಟುವ ಲೇಸು. ಕ್ರೋಶಾ ಕಡ್ಡಿ ಇಲ್ಲ, ಯಂತ್ರ ಇಲ್ಲ.

ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಬಟ್ಟೆಯ ಮೇಲೆ ಪೆನ್ಸಿಲ್ ಗೀಟಿಲ್ಲ, ಅಚ್ಚಿಲ್ಲ. ಎಲ್ಲ ಎಳೆ ಎಣಿಸಿಯೇ ಹಾಕಬೇಕು. ಒಂದು ಎಳೆ ತಪ್ಪಿದರೆ ಮೂಲೆಗೆ ಬಂದಾಗ ಸುಳ್ಳು ಹೊರಗೆ ಬೀಳುತ್ತದೆ. ನಮ್ಮ ಧಾರವಾಡ ಕಡೆಯ ಕಸೂತಿ ಬಲ್ಲವರಿಗೆ ಈ ಮಾತು ಕೂಡಲೇ ತಿಳಿಯುತ್ತದೆ. ಗವಂತಿ ಹೊಲಿಗೆಯಲ್ಲಿ ನಾವೂ ಎಳೆ ಎಣಿಸುತ್ತೇವೆ, ನಮ್ಮಲ್ಲೂ ಗಂಟು ಹಾಕುವಂತಿಲ್ಲ, ಹಿಂದೆ ಮುಂದೆ ಒಂದೇ ಬರಬೇಕು. ನನ್ನ ಅವ್ವ ನಾನು ಹಾಕಿದ ತೇರನ್ನಾಗಲಿ ಆನೆಯನ್ನಾಗಲಿ ಮುಂದಿನಿಂದ ನೋಡುತ್ತಿರಲಿಲ್ಲ. "ಹಿಂದ ತೋರಸು" ಅನ್ನುತ್ತಿದ್ದಳು. ಸಾವಿರಾರು ಮೈಲಿ ಆಚೆ, ನಮ್ಮ ಮಾತು ತಿಳಿಯದ ಆ ಮುದುಕಿಯೂ ಅದನ್ನೇ ಮಾಡಿದಳಲ್ಲ!

ಅಲ್ಲಿಯ ಒಂದು ಹೆಸರಾದ ಚಿತ್ತಾರಕ್ಕೆ 'ಪೊಟಮೊಸ್' ಎನ್ನುತ್ತಾರೆ. ಅವರ ಗ್ರೀಕ್ ಮಾತಿನಲ್ಲಿ ಹೊಳೆ ಎಂದರ್ಥ. ಹೊಳೆ ಸುತ್ತಿ ಸುತ್ತಿ ಹರಿದ ಹಾಗೆ ಅಂಕುಡೊಂಕಾಗಿ ಬಟ್ಟೆಯ ಉದ್ದಕ್ಕೂ ಸಾಗುತ್ತದೆ. ಇದಕ್ಕೊಂದು ಕತೆಯೂ ಇದೆ. ಮೊನಾಲಿಸಾ ಚಿತ್ರ ಬರೆದ ಲಿಯೊನಾರ್ಡೊ ಡ ವಿಂಚಿ 1481ರಲ್ಲಿ ಲೆಫ್ಕಾರಾಕ್ಕೆ ಬಂದು, ಮಿಲಾನ್ ನಗರದ ದೊಡ್ಡ ಚರ್ಚಿಗೆಂದು ಒಂದು ಬಟ್ಟೆ ಕೊಂಡು ಹೋದನಂತೆ. ಇದಕ್ಕೆ ಕಾಗದಪತ್ರದ ಆಧಾರವಿಲ್ಲ. ಆದರೆ ಊರಿನವರು ಕತೆಯನ್ನು ಬಿಟ್ಟುಕೊಟ್ಟಿಲ್ಲ. ಮಿಲಾನಿನ ಆ ಚರ್ಚಿಗೆ 1986ರಲ್ಲಿ 600 ವರ್ಷ ತುಂಬಿದಾಗ, ಲೆಫ್ಕಾರಾದವರು ಹೊಸದಾಗಿ ಒಂದು ಬಟ್ಟೆಯನ್ನು ಹೊಲಿದು ಕಾಣಿಕೆ ಕೊಟ್ಟರು. ಇದು ಮಾತ್ರ ನಡೆದ ಸಂಗತಿ. ಹಳೆಯ ಕತೆ ನಿಜವೋ ಸುಳ್ಳೋ, ಹೊಸ ಬಟ್ಟೆ ಹೊಲಿದ ಕೈಗಳು ನಿಜ ತಾನೇ?

ಹೊಲಿಯುವವರು, ಮಾರುವವರು

ಹೊಲಿಯುವ ಹೆಂಗಸಿಗೆ ಅಲ್ಲಿ 'ಪ್ಲುಮಾರಿಸ್ಸಾ' ಎಂದು ಹೆಸರು. ಹುಡುಗಿಯರು ತಾಯಿಯ, ಅಜ್ಜಿಯ ಪಕ್ಕದಲ್ಲಿ ಕೂತು ನೋಡುತ್ತ ನೋಡುತ್ತಲೇ ಕಲಿಯುತ್ತಾರೆ. ಆಮೇಲೆ ಕೈಗೆ ಸೂಜಿ ಬರುತ್ತದೆ. ಹಿಂದೆ ಮದುವೆಯ ವಯಸ್ಸಿಗೆ ಬರುವಷ್ಟರಲ್ಲಿ ಮೇಜಿನ ಹಾಸು, ಹಾಸಿಗೆಯ ಹೊದಿಕೆ ಎಲ್ಲ ತಾವೇ ಹೊಲಿದು ಕೆತ್ತನೆಯ ಮರದ ಪೆಟ್ಟಿಗೆಯಲ್ಲಿ ತುಂಬಿಡಬೇಕಾಗಿತ್ತು.

ಗಂಡಸರ ಕೆಲಸ ಬೇರೆ. 19ನೇ ಶತಮಾನದ ಕೊನೆಯಿಂದ ಈ ಬಟ್ಟೆಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಗಂಡಸರು ಹಡಗು ಹತ್ತಿದರು. ಈಜಿಪ್ಟಿಗೆ ಹೋದರು, ಯುರೋಪಿನ ಊರೂರು ತಿರುಗಿದರು, ಅಮೆರಿಕದವರೆಗೂ ಹೋದವರುಂಟು. ಗಂಡ ಪರದೇಶದ ಬಾಗಿಲು ತಟ್ಟುತ್ತಿದ್ದರೆ ಹೆಂಡತಿ ಊರಿನಲ್ಲಿ ಮಕ್ಕಳು-ಮರಿ, ಆಲಿವ್ ಗಿಡ, ಅತ್ತೆ-ಮಾವ ಎಲ್ಲ ನೋಡಿಕೊಂಡು ಮುಂದಿನ ಪೆಟ್ಟಿಗೆಗೆ ಬಟ್ಟೆ ಹೊಲಿಯುತ್ತಿದ್ದಳು. ಇವತ್ತು ಲೆಫ್ಕಾರಾದಲ್ಲಿ ಪ್ರವಾಸಿಗಳು ನಿಂತು ನೋಡುವ ಎರಡು ಅಂತಸ್ತಿನ ಕಲ್ಲಿನ ಮನೆಗಳು ಆ ವ್ಯಾಪಾರದ ದುಡ್ಡಿನಲ್ಲಿ ಎದ್ದವು. ಆ ಮನೆಗಳ ಕಲ್ಲಿನ ಕೆಳಗೆ ಎಷ್ಟು ಕಣ್ಣುಗಳ ಬೆಳಕು ಹೋಗಿದೆಯೋ ಎಂದು ನನಗೆ ಅನ್ನಿಸುತ್ತದೆ.

ಲೆಫ್ಕಾರಾದಲ್ಲಿ ಬೆಳ್ಳಿಯ ಕೆಲಸವೂ ಇದೆ. ಅದು ಗಂಡಸರದು. ಹತ್ತಿರದ ಕೋರ್ನೊಸ್ ಎಂಬ ಊರಿನಲ್ಲಿ ಹೆಂಗಸರೇ ಕುಂಬಾರರು. ಕೆಂಪು ಮಣ್ಣಿನ ಗಡಿಗೆ, ಹೂಜಿ ಮಾಡುತ್ತಾರೆ. ದ್ವೀಪದ ಪಶ್ಚಿಮಕ್ಕಿರುವ ಫೀತಿ ಎಂಬ ಹಳ್ಳಿಯಲ್ಲಿ ಬಿಳಿ ಹತ್ತಿ ಬಟ್ಟೆಯ ಮೇಲೆ ಬಣ್ಣದ ನೂಲಿನ ಉಬ್ಬು ಚಿತ್ತಾರವನ್ನು ಕೈಮಗ್ಗದಲ್ಲೇ ನೇಯುತ್ತಾರೆ. ಇವನ್ನೆಲ್ಲ ಬರೆಯಹೋದರೆ ಸಂಪಾದಕರು ಕತ್ತರಿ ಹಿಡಿಯುತ್ತಾರೆ. ನಮ್ಮ ಸೂಜಿಗೇ ಮರಳೋಣ.

ಗೆರೆಯ ಆಚೆ-ಈಚೆ

ಒಂದು ವಿಷಯ ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಸೈಪ್ರಸ್‌ನಲ್ಲಿ ಗ್ರೀಕ್ ಮಾತಾಡುವವರೂ ಇದ್ದಾರೆ, ತುರ್ಕಿ ಮಾತಾಡುವವರೂ ಇದ್ದಾರೆ. ಲೆಫ್ಕಾರಾದಲ್ಲೂ ಎರಡೂ ಮನೆಗಳಿದ್ದವು. ಚರ್ಚೂ ಇದೆ, ಮಸೀದಿಯೂ ಇದೆ. ಎರಡೂ ಮನೆಯ ಹೆಂಗಸರು ಅದೇ ಹೊಲಿಗೆ ಹೊಲಿಯುತ್ತಿದ್ದರು. 1960ರ ದಶಕದಲ್ಲಿ ಜಗಳ ಶುರುವಾಯಿತು. 1974ರಲ್ಲಿ ಯುದ್ಧವಾಗಿ ದ್ವೀಪವೇ ಎರಡಾಯಿತು. ಉತ್ತರದಲ್ಲಿದ್ದ ಗ್ರೀಕರು ದಕ್ಷಿಣಕ್ಕೆ, ದಕ್ಷಿಣದಲ್ಲಿದ್ದ ತುರ್ಕರು ಉತ್ತರಕ್ಕೆ ಮನೆಮಾರು ಬಿಟ್ಟು ಹೋದರು. ನಡುವೆ ಗೆರೆ ಬಿತ್ತು. 2003ರವರೆಗೆ ಆಚೆಯವರು ಈಚೆ, ಈಚೆಯವರು ಆಚೆ ಸಲೀಸಾಗಿ ಹೋಗುವಂತಿರಲಿಲ್ಲ.

ಊರು ಬಿಟ್ಟು ಹೋದ ಹೆಂಗಸರು ಹೊಲ-ಮನೆ ಹೊತ್ತುಕೊಂಡು ಹೋಗಲಿಕ್ಕಾಗುತ್ತದೆಯೇ? ಕೈಯಲ್ಲಿದ್ದ ಹೊಲಿಗೆ ಮಾತ್ರ ಅವರ ಜೊತೆ ಹೋಯಿತು. ಇವತ್ತಿಗೂ ಉತ್ತರದ ಹೆಂಗಸರು ಹಾಕುವ ಆ ಕಸೂತಿಗೆ 'ಲೆಫ್ಕಾರಾ ಕೆಲಸ' ಎಂದೇ ಹೆಸರು. ತುರ್ಕಿ ಮಾತಿನಲ್ಲಿ 'ಲೆಫ್ಕಾರಾ ಇಶಿ' ಎನ್ನುತ್ತಾರೆ. ಬಿಟ್ಟು ಬಂದ ಊರಿನ ಹೆಸರನ್ನು ಬಟ್ಟೆಯ ಮೇಲೆ ಉಳಿಸಿಕೊಂಡಿದ್ದಾರೆ. ಮದುವೆಯಾಗಿ ತವರು ಬಿಟ್ಟು ಬಂದ ನಮಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಸಂಗತಿ

ಈಗ ಆ ಮುದುಕಿ ನನ್ನನ್ನು ಯಾಕೆ ಕಾಡಿದಳು ಎಂಬುದನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಪೇಟೆಯ ಒಂದು ಅಂಗಡಿಯವರು ನನ್ನಿಂದ ಕಸೂತಿ ಹಾಕಿದ ಮೇಜಿನ ಹಾಸು ಮಾಡಿಸಿಕೊಂಡಿದ್ದರು. ಬಟ್ಟೆ, ದಾರ ಅವರದೇ. ಎರಡು ತಿಂಗಳು ಹಿಡಿಯಿತು. ಮಧ್ಯಾಹ್ನದ ನಿದ್ದೆ ಬಿಟ್ಟೆ, ಟಿವಿ ಧಾರಾವಾಹಿ ಬಿಟ್ಟೆ. ಕೊಟ್ಟದ್ದು 800 ರೂಪಾಯಿ. ಜಾಸ್ತಿ ಕೇಳಲು ಬಾಯೇ ಬರಲಿಲ್ಲ. "ಮನ್ಯಾಗ ಸುಮ್ಮ ಕೂತು ಮಾಡೋದು, ನಿಮಗೂ ಹೊತ್ತು ಹೋಗ್ತದ" ಎಂದು ಅಂಗಡಿಯವರು ಅಂದಾಗ ಹೌದೆಂದು ತಲೆಯಾಡಿಸಿ ಬಂದೆ. ಮುಂದೆ ಅದೇ ಹಾಸು ಪರಿಚಯದವರೊಬ್ಬರ ಮನೆಯಲ್ಲಿ ಕಂಡಿತು. ಮೂಲೆಯ ತುಳಸಿಕಟ್ಟೆಯಿಂದಲೇ ನನ್ನ ಕೈಯ ಗುರುತು ಸಿಕ್ಕಿತು. "4,500 ಕೊಟ್ಟು ತಂದ್ವಿ, ಎಷ್ಟು ಚಂದ ಅದಲ್ಲ?" ಎಂದರು ಅವರು. "ಚಂದ ಅದ" ಅಂದೆ. ಚಹಾ ಕುಡಿದು ಮನೆಗೆ ಬಂದು ಸೂಜಿಯ ಡಬ್ಬಿಯನ್ನು ಅಟ್ಟದ ಮೇಲಿಟ್ಟೆ. ಮಗಳು ಕಸೂತಿ ಕಲಿಸು ಎಂದರೂ "ಅದರಾಗ ಏನೈತಿ, ಓದಕೋ ಹೋಗು" ಎಂದುಬಿಟ್ಟೆ. ಆ ಮಾತು ಅಂದದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಲೆಫ್ಕಾರಾದಲ್ಲೂ ಇದೇ ಗೋಳು. ಹುಡುಗಿಯರು ಓದಿ ನೌಕರಿಗೆ ಹೋಗುತ್ತಾರೆ. ಹೋಗಬೇಕಾದದ್ದೇ, ಅದರಲ್ಲಿ ತಪ್ಪೇನಿಲ್ಲ. ದೊಡ್ಡ ಮೇಜಿನ ಹಾಸೊಂದಕ್ಕೆ ತಿಂಗಳುಗಟ್ಟಲೆ ಕೂಡಬೇಕು. ಇನ್ನೊಂದು ಕಡೆ ಯಂತ್ರದಲ್ಲಿ ಮಾಡಿದ ಅಗ್ಗದ ನಕಲು ಹೊರದೇಶದಿಂದ ಬಂದು ಅದೇ ಓಣಿಯ ಅಂಗಡಿಗಳಲ್ಲಿ ಸೇರಿದೆ. ದೂರದಿಂದ ನೋಡಿದವರಿಗೆ ಎರಡೂ ಒಂದೇ. ಅದಕ್ಕೇ ಆ ಮುದುಕಿ ಹಿಂಭಾಗ ತೋರಿಸಿದ್ದು. ಯಂತ್ರದ ಕೆಲಸದ ಹಿಂಭಾಗ ಸಾಮಾನ್ಯವಾಗಿ ಬೇರೆಯೇ ಕಾಣುತ್ತದೆ. ಅಲ್ಲೇ ನಕಲು ಸಿಕ್ಕಿಬೀಳುತ್ತದೆ. ಆಕೆ ಚೌಕಾಸಿಗೆ ಜಗಳವಾಡಲಿಲ್ಲ, ಕಣ್ಣೀರು ಹಾಕಲಿಲ್ಲ. ನನ್ನ ಕೆಲಸ ಇದು, ಇದರ ಬೆಲೆ ಇದು ಎಂದಳು, ಅಷ್ಟೇ. ನಾನು ಮಾತ್ರ ನನ್ನ ಕೆಲಸದ ಹಿಂಭಾಗವನ್ನು ಆ ಅಂಗಡಿಯವರಿಗೆ ತೋರಿಸಲೇ ಇಲ್ಲ.

ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಬಿ.ಕಾಂ. ಓದುತ್ತಿದ್ದಾಳೆ. ನೋಟುಬುಕ್ಕು ತಂದು ಲೆಕ್ಕ ಹಾಕಿದಳು. ದಿನಕ್ಕೆ ಮೂರು ತಾಸು, 60 ದಿನ, ಒಟ್ಟು 180 ತಾಸು. 800ನ್ನು 180ರಿಂದ ಭಾಗಿಸಿದರೆ ತಾಸಿಗೆ ನಾಲ್ಕೂವರೆ ರೂಪಾಯಿ ಕೂಡ ಬೀಳಲಿಲ್ಲ! "ಅವ್ವಾ, ಅಂಗಡಿಯವರಿಗಿಂತ ಮೊದಲ ನೀನೇ ನಿನ್ನ ಬೆಲಿ ಇಳಿಸೀದಿ" ಅಂದಳು. ನನ್ನ ಎಸ್.ಎಸ್.ಎಲ್.ಸಿ. ಗಣಿತಕ್ಕೆ ಹೊಳೆಯದ್ದು ಅವಳಿಗೆ ಹೊಳೆಯಿತು. ಅಟ್ಟದಿಂದ ಡಬ್ಬಿ ಇಳಿಯಿತು. ಈಗ ಹೊಲಿಯುವ ಮುಂಚೆ ಗಡಿಯಾರ ನೋಡಿ ಹೊತ್ತು ಬರೆದಿಡುತ್ತೇನೆ. ಹೊಲಿದು ಮಾರುವ ಸೋದರಿಯರೇ, ನೀವೂ ಹಾಗೇ ಮಾಡಿ. ಸಿಗುವುದು ಎಷ್ಟೇ ಇರಲಿ, ಕೊಟ್ಟದ್ದೆಷ್ಟು ಎಂಬುದು ಮೊದಲು ನಮಗೆ ಗೊತ್ತಿರಬೇಕು.

ಮನೆಯಲ್ಲೇ ಮಾಡಿ ನೋಡಿ: ಹೆಮ್ ಸ್ಟಿಚ್ ಟ್ರೇ ಬಟ್ಟೆ

ಲೆಫ್ಕಾರಾದ ಕಟ್ ವರ್ಕ್ ಕಲಿಯಲು ವರ್ಷಗಳೇ ಬೇಕು. ಅದರ ಮೊದಲ ಮೆಟ್ಟಿಲು ಹೆಮ್ ಸ್ಟಿಚ್. ಇದನ್ನು ಒಂದು ವಾರದಲ್ಲಿ ಯಾರೂ ಕಲಿಯಬಹುದು.

ಬೇಕಾಗುವ ಸಾಮಾನು: ಎಳೆ ಸುಲಭವಾಗಿ ಎಣಿಸಲು ಬರುವ ಕೇಸ್‌ಮೆಂಟ್ ಬಟ್ಟೆ (15 ಅಂಗುಲ ಅಗಲ, 20 ಅಂಗುಲ ಉದ್ದ), ಅದೇ ಬಣ್ಣದ ಕಸೂತಿ ದಾರದ ಒಂದು ಲಡಿ, ಮೊಂಡು ತುದಿಯ ಸೂಜಿ, ಸಣ್ಣ ಕತ್ತರಿ.

1. ಬಟ್ಟೆಯನ್ನು ಮೊದಲು ನೀರಿಗೆ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿ. ಆಮೇಲೆ ಕುಗ್ಗಿದರೆ ಕಷ್ಟಪಟ್ಟದ್ದೆಲ್ಲ ವ್ಯರ್ಥ.

2. ನಾಲ್ಕೂ ಅಂಚಿನಿಂದ ಒಂದೂಕಾಲು ಅಂಗುಲ ಒಳಗೆ ಗುರುತು ಮಾಡಿ. ಆ ಗುರುತಿನ ಒಳಬದಿಗೆ, ಅಂಚಿಗೆ ಸಮವಾಗಿ ಓಡುವ ಐದು ಎಳೆಗಳನ್ನು ತೆಗೆಯಿರಿ. ಎಳೆಯನ್ನು ನಡುವೆ ಕತ್ತರಿಸಿ, ಎರಡೂ ಕಡೆ ಮೂಲೆಯ ಗುರುತಿನವರೆಗೆ ಮಾತ್ರ ಬಿಡಿಸಿ. ಬಟ್ಟೆಯ ತುದಿಯವರೆಗೆ ಎಳೆಯಬೇಡಿ. ಉಳಿದ ತುದಿಗಳು ಮಡಿಕೆಯೊಳಗೆ ಅಡಗುತ್ತವೆ.

3. ಅಂಚನ್ನು ಕಾಲು ಅಂಗುಲ ಮಡಿಸಿ, ಮತ್ತೆ ಅರ್ಧ ಅಂಗುಲ ಮಡಿಸಿ. ಮಡಿಕೆಯ ಅಂಚು ಎಳೆ ತೆಗೆದ ಜಾಗಕ್ಕೆ ಸರಿಯಾಗಿ ತಾಗಬೇಕು. ಕಚ್ಚಾ ಹೊಲಿಗೆ ಹಾಕಿ.

4. ಲಡಿಯ ಎರಡು ಎಳೆ ದಾರವನ್ನು ಸೂಜಿಗೆ ಪೋಣಿಸಿ. ಹಿಂಭಾಗ ನಿಮ್ಮ ಕಡೆಗಿರಲಿ. ಅಡ್ಡ ನಿಂತ ಎಳೆಗಳಲ್ಲಿ ನಾಲ್ಕನ್ನು ಎಣಿಸಿ, ಬಲದಿಂದ ಎಡಕ್ಕೆ ಅವುಗಳ ಕೆಳಗೆ ಸೂಜಿ ತೂರಿಸಿ ಎಳೆಯಿರಿ. ಅದೇ ನಾಲ್ಕರ ಕೆಳಗೆ ಇನ್ನೊಮ್ಮೆ ತೂರಿಸಿ, ಮಡಿಕೆಯ ಅಂಚಿಗೆ ಸಣ್ಣದಾಗಿ ಚುಚ್ಚಿ ಹೊರತೆಗೆದು ಬಿಗಿಮಾಡಿ. ಒಂದು ಕಟ್ಟಾಯಿತು. ಹೀಗೇ ಮುಂದುವರಿಸಿ. ನಾಲ್ಕು ಎಂದರೆ ನಾಲ್ಕೇ. ಒಮ್ಮೆ ಮೂರು, ಒಮ್ಮೆ ಐದು ಮಾಡಿದರೆ ಸಾಲು ಸೊಟ್ಟಗಾಗುತ್ತದೆ.

ಹಗಲಿನ ಬೆಳಕಿನಲ್ಲೇ ಹೊಲಿಯಿರಿ. ಅರ್ಧ ತಾಸಿಗೊಮ್ಮೆ ತಲೆಯೆತ್ತಿ ದೂರದ ಮರವನ್ನೋ ಮಾಳಿಗೆಯನ್ನೋ ನೋಡಿ, ಕಣ್ಣಿಗೆ ವಿಶ್ರಾಂತಿ. ಇಂಥ ಬಟ್ಟೆಯನ್ನು ಒಗೆಯುವಾಗ ಉಗುರುಬೆಚ್ಚನೆಯ ನೀರು, ಮೆತ್ತನೆಯ ಸೋಪು ಸಾಕು. ಹಿಂಡಬೇಡಿ. ಟವೆಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ನೆರಳಿನಲ್ಲಿ ಒಣಗಿಸಿ. ಸ್ವಲ್ಪ ಹಸಿಯಿರುವಾಗಲೇ ದಪ್ಪ ಬಟ್ಟೆಯ ಮೇಲೆ ಹಾಸಿ ಇಸ್ತ್ರಿ ಮಾಡಿ.

ನನ್ನ ಮಗಳು ತನ್ನ ಮೊದಲ ಟ್ರೇ ಬಟ್ಟೆ ಮುಗಿಸಿದ್ದಾಳೆ. ಎರಡು ಮೂಲೆ ಚೆನ್ನಾಗಿ ಬಂದಿವೆ, ಇನ್ನೆರಡು ಮೂಲೆ ದೇವರಿಗೇ ಪ್ರೀತಿ. ನಿನ್ನೆ ತಂದು ನನ್ನ ಮುಂದೆ ಹಿಡಿದಳು. ನಾನು ಬಾಯಿ ತೆಗೆಯುವ ಮೊದಲೇ ತಾನಾಗಿ ತಿರುವಿ ಹಿಂಭಾಗ ತೋರಿಸಿದಳು. ನನಗೆ ಅಷ್ಟೇ ಸಾಕಾಯಿತು.

ನಿಮ್ಮ ಬಟ್ಟೆ ಹೇಗೆ ಬಂತೆಂದು ಬರೆದು ತಿಳಿಸಿ. ಸಂಶಯವಿದ್ದರೆ ಸಂಕೋಚವಿಲ್ಲದೆ ಕೇಳಿ. ಮುಂದಿನ ಸಂಚಿಕೆಯಲ್ಲಿ ಮೂಲೆ ಸೊಟ್ಟಗಾಗದಂತೆ ಹೆಮ್ ಸ್ಟಿಚ್ ತಿರುಗಿಸುವುದು ಹೇಗೆಂದು ಹೇಳಿಕೊಡುತ್ತೇನೆ. ಮಗಳಿಗೂ ಅದು ಬೇಕಾಗಿದೆ!